ತುಟಿ ಮುಚ್ಚಿದ ಜಾಗ

ಕಳೆದ ತಿಂಗಳು ಕಂಪ್ಲಿ ಕಡೆಯ ಗಿರಾಕಿಯೊಬ್ಬ ಹೊಸಪೇಟೆಯ ನನ್ನ ಮೊಬೈಲ್ ಅಂಗಡಿಗೆ ಬಂದಿದ್ದ. ಫೋನಿಗೆ ಹೊಸ ಗ್ಲಾಸ್ ಹಾಕಿಸಿಕೊಳ್ಳುತ್ತ, "ಆಪರೇಟ್ರು ಹೋಗ್ಬಿಟ್ರಂತಲ್ರೀ, ನಿಮಗ ಗೊತ್ತಾತೇನು?" ಎಂದ. ಕೈಯಲ್ಲಿದ್ದ ಗ್ಲಾಸನ್ನು ಸೊಟ್ಟಗೆ ಅಂಟಿಸಿಬಿಟ್ಟೆ. ಒಳಗೆ ಗಾಳಿಗುಳ್ಳೆ ನಿಂತಿತು. ಯಾವ ಆಪರೇಟ್ರು ಎಂದು ಕೇಳುವ ಅಗತ್ಯ ನನಗಿರಲಿಲ್ಲ. "ಯಾವಾಗ?" ಎಂದೆ. "ಇಪ್ಪತ್ತು ದಿನ ಆಗಿರ್ಬೇಕು ನೋಡ್ರಿ" ಎಂದ. ಅಂಟಿಸಿದ್ದನ್ನು ಕಿತ್ತು ಬಿಸಾಕಿ ಇನ್ನೊಂದು ಗ್ಲಾಸ್ ತೆಗೆದೆ.

ಅವರಿಗೊಂದು ಹೆಸರಿತ್ತು. ನಾವಿಬ್ಬರೂ ಕೆಲಸ ಮಾಡುತ್ತಿದ್ದ ಅದಿರಿನ ಯಾರ್ಡಿನ ಹಾಜರಿ ಪುಸ್ತಕದಲ್ಲಿ ಆ ಹೆಸರನ್ನು ದಿನಾ ನಾನೇ ಬರೆಯುತ್ತಿದ್ದೆ. ಇಲ್ಲಿ ಬರೆಯುವುದಿಲ್ಲ. ಸತ್ತವರನ್ನು ನೆನೆಯುವಾಗ ನಾಲ್ಕು ಒಳ್ಳೆಯ ಮಾತು ಹೇಳಿ, ಕಣ್ಣೊರೆಸಿಕೊಂಡು, ಹಗುರಾಗಿ ಎದ್ದು ಹೋಗುವವರನ್ನು ನೋಡಿದರೆ ನನಗೆ ಮೈ ಉರಿಯುತ್ತದೆ. ಹಾಗೆ ಎದ್ದು ಹೋಗುವ ಯೋಗ್ಯತೆ ನನಗಿಲ್ಲ. ಯಾಕೆ ಇಲ್ಲ ಎನ್ನುವುದನ್ನು ಹೇಳುವುದಕ್ಕೇ ಬರೆಯಲು ಕೂತಿದ್ದೇನೆ.

ಅದು ಹೊಸಪೇಟೆಯಲ್ಲಿ ಬೀಡಾ ಅಂಗಡಿಯವನೂ ಅದಿರಿನ ರೇಟು ಮಾತಾಡುತ್ತಿದ್ದ ಕಾಲ. ಸಂಡೂರಿನ ಗುಡ್ಡಗಳಿಂದ ಕೆಂಪು ಅದಿರು ಲಾರಿ ಲಾರಿಯಾಗಿ ಇಳಿಯುತ್ತಿತ್ತು. ಗಾದಿಗನೂರಿನ ಹತ್ತಿರ ರೈಲ್ವೆ ಗೇಟಿನ ಒಳಭಾಗಕ್ಕೆ ಒಂದು ಸ್ಟಾಕ್‌ಯಾರ್ಡ್ ಇತ್ತು. ಗುಡ್ಡದಂತೆ ಸುರಿದ ಅದಿರನ್ನು ಅಲ್ಲಿಂದ ಲಾರಿಗಳಿಗೆ ತುಂಬಿ ಬಂದರಿಗೆ ಕಳಿಸುತ್ತಿದ್ದರು. ಯಾರ್ಡಿನ ಬಾಗಿಲಲ್ಲಿ ಲಾರಿ ತೂಗುವ ವೇಬ್ರಿಡ್ಜ್, ಅದರ ಪಕ್ಕದಲ್ಲಿ ತಗಡಿನ ಕ್ಯಾಬಿನ್. ಖಾಲಿ ಲಾರಿ ಒಳಗೆ ಬಂದಾಗ ಒಮ್ಮೆ ತೂಗಬೇಕು, ತುಂಬಿಕೊಂಡು ಹೊರಡುವಾಗ ಇನ್ನೊಮ್ಮೆ. ಪ್ರತಿ ಲಾರಿಗೂ ಕ್ರಮಸಂಖ್ಯೆ, ಒಳಗೆ ಬಂದ ಟೈಮು, ಹೊರಗೆ ಹೋದ ಟೈಮು, ಲಾರಿ ನಂಬರು ಕಂಪ್ಯೂಟರಿನಲ್ಲಿ ದಾಖಲಾಗಬೇಕು. ಅಲ್ಲಿ ಅವರು ಶಿಫ್ಟ್ ಇನ್‌ಚಾರ್ಜ್, ನಾನು ಡಿಗ್ರಿ ಮುಗಿಸಿ ಕಂಪ್ಯೂಟರ್ ಕಲಿತು ಸೇರಿದ ಹೊಸಬ.

ಐವತ್ತರ ಆಸುಪಾಸಿನ ಬಡಕಲು ಆಳು. ವಾಚನ್ನು ಬಲಗೈಗೆ ಕಟ್ಟುತ್ತಿದ್ದರು, ಮುಖ ಒಳಗಡೆಗೆ. ಬೆಳಿಗ್ಗೆ ರೇಡಿಯೋ ವಾರ್ತೆಗೆ ಮುಂಚೆ ಬರುವ ಕುಂಯ್‌ಕುಂಯ್ ಸದ್ದಿಗೆ ಅದನ್ನು ಸರಿಮಾಡಿಕೊಂಡು, ಕ್ಯಾಬಿನ್ನಿಗೆ ಬಂದ ಕೂಡಲೇ ಸ್ಟೂಲ್ ಹತ್ತಿ ಗೋಡೆ ಗಡಿಯಾರವನ್ನು ಸರಿಮಾಡುವರು. ಆಮೇಲೆ ಕಂಪ್ಯೂಟರಿನ ಟೈಮು. ಮಾತಾಡುವವರ ಕಣ್ಣು ನೋಡದೆ ಬಾಯಿ ನೋಡುತ್ತಿದ್ದರು. ಮೊದಲ ವಾರವೆಲ್ಲ ನನ್ನ ಹಲ್ಲಿನಲ್ಲಿ ಏನೋ ಸಿಕ್ಕಿಕೊಂಡಿದೆ ಎಂದುಕೊಂಡು ನಾಲಿಗೆ ಆಡಿಸುತ್ತಿದ್ದೆ.

ಆ ಅಭ್ಯಾಸ ಅವರಿಗೆ ಹತ್ತಿದ್ದು ಕಂಪ್ಲಿಯ ಟಾಕೀಸಿನಲ್ಲಿ. ಇಪ್ಪತ್ತೆರಡು ವರ್ಷ ಅಲ್ಲಿ ಪ್ರೊಜೆಕ್ಟರ್ ಓಡಿಸಿದ್ದರು. ಆಪರೇಟ್ರು ಎಂಬ ಹೆಸರು ಅಲ್ಲಿಂದ ಬಂದದ್ದು. "ಪ್ರೊಜೆಕ್ಟರ್‌ನಾಗ ಚಿತ್ರ ಬೀಳೋ ಜಾಗ ಬ್ಯಾರೆ, ಸೌಂಡ್ ಓದೋ ಜಾಗ ಬ್ಯಾರೆ ತಮ್ಮಾ" ಎಂದು ಹೇಳುತ್ತಿದ್ದರು. "ನಡುವ ರೀಲು ಒಂದು ಬಳಸು ಹಾಕ್ಕೊಂಡು ಹೋಗ್ಬೇಕು. ಬಳಸು ಚೂರು ಹೆಚ್ಚುಕಮ್ಮಿ ಆತು ಅನ್ನು, ಹೀರೋಯಿನ್ ಬಾಯಿ ಮುಚ್ಚಿದ ಮ್ಯಾಲೆ ಮಾತು ಕೇಳ್ತೈತಿ. ಮಂದಿ ಸೀಟಿ ಹೊಡೀತಾರ, ನಮ್ಮವ್ವನ್ನ ನೆನಿಸ್ತಾರ." ಟಾಕೀಸು ಮುಚ್ಚಿ ಭತ್ತದ ಗೋಡೌನ್ ಆದ ಮೇಲೆ ಒಂದಷ್ಟು ಕಾಲ ಹಂಪಿಯಲ್ಲಿದ್ದರು. ಒಂದು ಗೆಸ್ಟ್‌ಹೌಸಿನ ಮಾಳಿಗೆಯ ಮೇಲೆ ಸಂಜೆ ಹೊತ್ತು ಫಾರಿನ್ ಮಂದಿಗೆ ಡಿವಿಡಿಯಲ್ಲಿ ಸಿನಿಮಾ ಹಾಕುವ ಕೆಲಸ. ಡಿವಿಡಿಯಿಂದ ಕಂಪ್ಯೂಟರಿಗೆ ಇಳಿಸಿದ ಸಿನಿಮಾಗಳಲ್ಲಿ ಸಬ್‌ಟೈಟಲ್ ಹಿಂದುಮುಂದಾಗಿ ಬರುತ್ತಿದ್ದವು. ಗಿರಾಕಿಗಳು ಗೊಣಗುತ್ತಿದ್ದರು. ಅವರಲ್ಲೇ ಒಬ್ಬ ಹುಡುಗ ಇವರಿಗೆ ಅದನ್ನು ಸರಿಪಡಿಸುವ ಪ್ರೋಗ್ರಾಮು ತೋರಿಸಿಕೊಟ್ಟು ಹೋದ.

ಇವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಅಕ್ಷರ ಕೂಡಿಸಿ ಓದುತ್ತಿದ್ದರು ಅಷ್ಟೆ. ಆದರೂ ಅವರು ಸರಿಪಡಿಸಿದ ಸಬ್‌ಟೈಟಲ್ ಕಣ್ಣು ಮಿಟುಕಿಸುವಷ್ಟೂ ಆಚೀಚೆ ಆಗುತ್ತಿರಲಿಲ್ಲ. ಅದು ಹೇಗೆ ಎಂದು ಕೇಳಿದ್ದೆ.

"ಮಾತಿನ ಮ್ಯಾಲೆ ಎಲ್ರೂ ಕಣ್ಣಿಡ್ತಾರ. ಅದು ಬ್ಯಾಡ. ತುಟಿ ಮುಚ್ಚಿದ ಜಾಗ ನೋಡು. ಇಬ್ರು ಮಾತಾಡ್ತಾ ಮಾತಾಡ್ತಾ ಸುಮ್ನ ಆಗ್ತಾರಲ್ಲ, ಅದು. ಅಲ್ಲಿ ಅಕ್ಷರ ಬಂದು ನಿಂತಿದ್ರ ಅದು ಕಳ್ಳ ಅಕ್ಷರ. ಎಷ್ಟು ತಡ ಅಂತ ಅಳತಿ ಮಾಡು, ಅಷ್ಟು ಎಳಿ. ಮುಗೀತು."

ತಡವನ್ನು ಅವರು ಬಾಯಲ್ಲೇ ಹೇಳುತ್ತಿದ್ದರು: ಒಂದೂವರೆ ಸೆಕೆಂಡ್ ತಡ, ಮುಕ್ಕಾಲು ಸೆಕೆಂಡ್ ಮುಂದ. ಆಮೇಲೆ ಕಂಪ್ಯೂಟರಿನಲ್ಲಿ ನೋಡಿದರೆ ಅಷ್ಟೇ ಇರುತ್ತಿತ್ತು. ಕ್ಯಾಬಿನ್ನಿಗೆ ಬಂದು ಸುಳ್ಳು ಹೇಳುವ ಲಾರಿ ಡ್ರೈವರುಗಳ ಮೇಲೂ ಈ ಅಳತೆ ನಡೆಯುತ್ತಿತ್ತು. "ಎರಡು ಸೆಕೆಂಡ್ ತಡ ಆತಲ್ಲೋ ನಿನ್ನ ಉತ್ತರ" ಎಂದರೆ ಡ್ರೈವರ್ ಪೆಚ್ಚುಪೆಚ್ಚಾಗಿ ನಗುತ್ತಿದ್ದ. ಮ್ಯಾನೇಜರನ್ನು ಮಾತ್ರ ಇನ್ನೊಂದು ಜಾತಿಗೆ ಸೇರಿಸಿದ್ದರು. ಸಬ್‌ಟೈಟಲಿನಲ್ಲಿ ಇನ್ನೊಂದು ದೋಷವಿರುತ್ತದೆ: ಶುರುವಿನಲ್ಲಿ ಎಲ್ಲ ಸರಿ, ಸಿನಿಮಾ ಮುಂದುವರಿದಂತೆ ಚೂರುಚೂರೇ ಜಾರುತ್ತ ಹೋಗಿ ಕೊನೆಗೆ ಅರ್ಧ ಸೀನು ದೂರವಾಗಿರುತ್ತದೆ. "ಸಾಹೇಬ್ರು ಆ ಥರ. ತಿಂಗಳ ಮೊದಲ್ನೇ ವಾರ ನೋಡಿ ನಂಬ್‌ಬ್ಯಾಡ" ಎನ್ನುತ್ತಿದ್ದರು. ನಾನು ಯಾವ ಜಾತಿ ಎಂದು ಕೇಳಿದ್ದಕ್ಕೆ, "ನಿನ್ನ ಇನ್ನೂ ಪೂರ್ತಿ ಓಡಿಸಿ ನೋಡಿಲ್ಲಲ್ಲೋ" ಎಂದು ನಕ್ಕಿದ್ದರು.

ಯಾರ್ಡಿಗೆ ಬಂದ ಮೇಲೂ ಈ ಸಬ್‌ಟೈಟಲಿನ ತಾಪತ್ರಯ ಯಾರಿಗಾಗಿ ಎಂದರೆ, ಅವರ ಅಕ್ಕನಿಗಾಗಿ. ಗಾದಿಗನೂರಿನಲ್ಲಿ ಎರಡು ಖೋಲಿಯ ಬಾಡಿಗೆ ಮನೆಯಲ್ಲಿ ಇಬ್ಬರೇ ಇದ್ದರು. ಅಕ್ಕ ಸಣ್ಣ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತಮ್ಮನನ್ನು ಬೆಳೆಸಿದವಳು. ತಮ್ಮ ಟಾಕೀಸು ಸೇರಿದ ಮೇಲೆ ವಾರಕ್ಕೆ ನಾಲ್ಕು ಆಟ ನೋಡುತ್ತಿದ್ದಳಂತೆ. ಆಮೇಲೆ ಟಿಬಿ ಬಂತು. ತಿಂಗಳುಗಟ್ಟಲೆ ಇಂಜೆಕ್ಷನ್ ಕೊಟ್ಟರು. ಜೀವ ಉಳಿಯಿತು, ಆ ಇಂಜೆಕ್ಷನ್ನಿಗೆ ಕಿವಿ ಎರಡೂ ಹೋದವು. ಅಲ್ಲಿಂದ ಆಕೆಗೆ ಸಿನಿಮಾ ಎಂದರೆ ಬಾಯಿ ಆಡಿಸುವ ಮಂದಿ, ಅಷ್ಟೆ.

ಬಾಡಿಗೆಗೆ ಸಿಗುವ ಕನ್ನಡ ಸಿನಿಮಾದ ಡಿವಿಡಿಗಳಲ್ಲಿ ಇರುತ್ತಿದ್ದುದು ಇಂಗ್ಲಿಷ್ ಸಬ್‌ಟೈಟಲ್. ಅಕ್ಕ ಓದಿದ್ದು ನಾಲ್ಕನೇ ಕ್ಲಾಸಿನವರೆಗೆ, ಕನ್ನಡ. ಅದಕ್ಕೆ ಇವರು ಒಂದು ದಾರಿ ಹುಡುಕಿದ್ದರು. ಡಿವಿಡಿಯಿಂದ ಇಂಗ್ಲಿಷ್ ಸಬ್‌ಟೈಟಲನ್ನು ಹೊರತೆಗೆದು ಫೈಲ್ ಮಾಡುವುದು. ಅದರಲ್ಲಿ ಟೈಮು ಇಟ್ಟುಕೊಂಡು ಇಂಗ್ಲಿಷನ್ನು ಅಳಿಸುವುದು. ಆ ಜಾಗದಲ್ಲಿ ಪಾತ್ರಗಳು ಆಡುವ ಕನ್ನಡ ಮಾತನ್ನೇ ಟೈಪ್ ಮಾಡುವುದು. ಕೊನೆಗೆ ಆ ಅಕ್ಷರಗಳನ್ನು ಚಿತ್ರದ ಮೇಲೇ ಅಚ್ಚು ಹಾಕಿ, ಮನೆಯ ಹಳೆಯ ಪ್ಲೇಯರಿಗೆ ಆಗುವಂತೆ ಎರಡು ವಿಸಿಡಿ ಮಾಡುವುದು. ಡಿವಿಡಿಯ ಸಿನಿಮಾ ವಿಸಿಡಿಗೆ ಇಳಿಯುವಾಗ ಓಟದ ವೇಗವೇ ಬದಲಾಗುತ್ತಿತ್ತು. ಎರಡನೇ ಡಿಸ್ಕಿನಲ್ಲಿ ಟೈಮು ಮತ್ತೆ ಸೊನ್ನೆಯಿಂದ ಶುರುವಾಗುತ್ತಿತ್ತು. ಅಕ್ಷರ ದಿಕ್ಕಾಪಾಲು. ಒಂದೊಂದು ಸಾಲನ್ನೂ ಹಿಡಿದು ತಂದು ತುಟಿಗೆ ಕೂರಿಸಬೇಕು.

ಕನ್ನಡ ಟೈಪ್ ಮಾಡಲು ಬರುತ್ತಿದ್ದವನು ನಾನು. ಎರಡು ಗಂಟೆಗೆ ಶಿಫ್ಟ್ ಮುಗಿದ ಮೇಲೆ ಕ್ಯಾಬಿನ್ನಿನ ಹಿಂದಿನ ಕೋಣೆಯಲ್ಲಿದ್ದ ಹಳೆ ಕಂಪ್ಯೂಟರಿನ ಮುಂದೆ ಕೂರುತ್ತಿದ್ದೆವು. ಅವರು ಕೇಳಿ ಹೇಳುವರು, ನಾನು ಟೈಪ್ ಮಾಡುವೆ. ಆ ಫೈಲನ್ನು ಮೊದಲ ಸಲ ತೆರೆದು ತೋರಿಸಿದ ದಿನ ಅವರೇ ಹೇಳಿದ್ದರು: "ನೋಡು, ಇಲ್ಲಿ ನಂಬರು, ಬಂದ ಟೈಮು, ಹೋದ ಟೈಮು, ಮಾತು. ನಮ್ಮ ವೇಬ್ರಿಡ್ಜ್‌ನಾಗ ನಂಬರು, ಬಂದ ಟೈಮು, ಹೋದ ಟೈಮು, ಲಾರಿ. ಎರಡೂ ಒಂದೇ ಧಂದೆ ತಮ್ಮಾ." ಇಬ್ಬರೂ ನಕ್ಕಿದ್ದೆವು.

ಇನ್ನೊಂದು ಶಿಸ್ತು ಕಲಿಸಿದ್ದರು. ಎಷ್ಟು ಸರಿಸಿದೆವೋ ಅದನ್ನು ಒಂದು ಚೀಟಿಯಲ್ಲಿ ಬರೆದು ಅಂಗಿಯ ಜೇಬಿನಲ್ಲಿ ಇಟ್ಟುಕೊಳ್ಳಬೇಕು. "ತಪ್ಪು ಮಾಡೋದು ದೊಡ್ಡದಲ್ಲ. ಎಷ್ಟು ಸರಿಸೀನಿ ಅನ್ನೋದು ಗೊತ್ತಿದ್ರ ಅಷ್ಟೇ ವಾಪಸ್ ಎಳೀಬಹುದು."

ನಮ್ಮ ಊಟದ ಹೊತ್ತನ್ನು ನಿರ್ಧರಿಸುತ್ತಿದ್ದುದು ರೈಲು. ಹನ್ನೆರಡರ ಮೇಲೆ ಒಂದು ಪ್ಯಾಸೆಂಜರ್ ಬರುತ್ತಿತ್ತು. ಅದಕ್ಕಾಗಿ ಗೇಟು ಬಿದ್ದರೆ ಯಾರ್ಡಿಗೆ ಲಾರಿ ಬರುವುದೂ ನಿಲ್ಲುತ್ತಿತ್ತು, ಹೋಗುವುದೂ ನಿಲ್ಲುತ್ತಿತ್ತು. ಗೇಟು ದಾಟದೆ ಬೇರೆ ದಾರಿಯೇ ಇರಲಿಲ್ಲ. ಆ ಇಪ್ಪತ್ತು ನಿಮಿಷ ವೇಬ್ರಿಡ್ಜ್ ಸುಮ್ಮನಿರುತ್ತಿತ್ತು. ಗೇಟಿನ ಗಂಟೆ ಕೇಳಿದ ಕೂಡಲೇ ಆಪರೇಟ್ರು ಡಬ್ಬಿ ಬಿಚ್ಚುವರು. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ. ನಾನು ಕೆಲಸಕ್ಕೆ ಸೇರಿದ ಎರಡನೇ ವಾರದಿಂದ ಡಬ್ಬಿಯಲ್ಲಿ ಎರಡು ರೊಟ್ಟಿ ಹೆಚ್ಚಿಗೆ ಇರುತ್ತಿದ್ದವು. ನನ್ನ ರೂಮಿನಲ್ಲಿ ಅಡಿಗೆ ಇಲ್ಲ ಎಂದು ತಮ್ಮ ಹೇಳಿದ್ದಕ್ಕೆ ಆ ಅಕ್ಕ ಮಾಡಿದ ಏರ್ಪಾಟು ಅದು. ಒಂದು ವರ್ಷಕ್ಕೂ ಹೆಚ್ಚು ಕಾಲ ಆಕೆಯ ಕೈ ರೊಟ್ಟಿ ತಿಂದಿದ್ದೇನೆ.

ಮೊದಲ ಸಿನಿಮಾ ತಯಾರಾದ ಭಾನುವಾರ ನನ್ನನ್ನು ಮನೆಗೆ ಕರೆದಿದ್ದರು. ಅಕ್ಕ ಟಿವಿಯ ಮುಂದೆ ಒಂದು ಮೊಳದ ದೂರದಲ್ಲಿ ಕೂತು, ಪ್ರತಿ ಸಾಲನ್ನೂ ಗಟ್ಟಿಯಾಗಿ ಓದುತ್ತಿದ್ದಳು. ಕಿವಿ ಕೇಳದವರ ದನಿ, ಓಣಿಗೆಲ್ಲ ಕೇಳುತ್ತಿತ್ತು. ನಾಯಕಿ ಮೆಲ್ಲಗೆ ಹೇಳಿದ ಗುಟ್ಟು ಆಕೆಯ ಬಾಯಲ್ಲಿ ಸಂತೆಯ ಕೂಗಾಗುತ್ತಿತ್ತು. ನನಗೆ ನಗು ಬಂತು. ಆಪರೇಟ್ರ ಮುಖ ನೋಡಿ ನಗು ನಿಂತಿತು. ಅವರು ಟಿವಿ ನೋಡುತ್ತಿರಲಿಲ್ಲ, ಅಕ್ಕನ ತುಟಿ ನೋಡುತ್ತಿದ್ದರು.

ಡಿಸ್ಕ್ ಮುಗಿದ ಮೇಲೆ ಆಕೆ ನನ್ನ ಕಡೆ ತಿರುಗಿ, "ಇಪ್ಪತ್ತು ವರ್ಷ ಆದ ಮ್ಯಾಲೆ ಪಿಚ್ಚರ್ ಮಾತಾಡ್ತು ನೋಡು ಯಪ್ಪಾ" ಎಂದಳು. ಕೂಡಲೇ ತಮ್ಮನ ಮೇಲೆ ಹರಿಹಾಯ್ದಳು: "ಹಾಡು ಯಾಕ ಖಾಲಿ ಬಿಟ್ಟೀಯೋ? ಮಾತು ಹೆಂಗರ ಊಹೆ ಮಾಡ್ಕೊಂತೀನಿ. ನನಗ ಹಾಡು ಬೇಕು." ಇಂಗ್ಲಿಷ್ ಸಬ್‌ಟೈಟಲಿನವರು ಹಾಡಿಗೆ ಅಕ್ಷರ ಹಾಕಿರಲಿಲ್ಲ, ಹಾಗಾಗಿ ಟೈಮೂ ಇರಲಿಲ್ಲ. ಮುಂದಿನ ಸಿನಿಮಾದಿಂದ ಆಪರೇಟ್ರು ಬಲಗೈ ವಾಚು ಬಿಚ್ಚಿ ಮೇಜಿನ ಮೇಲಿಟ್ಟುಕೊಂಡು ಹಾಡಿನ ಒಂದೊಂದು ಸಾಲಿಗೂ ತಾವೇ ಟೈಮು ಬರೆಯತೊಡಗಿದರು. ಒಂದು ಹಾಡಿಗೆ ಎರಡು ಮಧ್ಯಾಹ್ನ ಹಿಡಿಯುತ್ತಿತ್ತು.

ಹೀಗೆ ಐದು ಸಿನಿಮಾ ಆದವು. ಆರನೆಯದು ಅರ್ಧಕ್ಕೆ ನಿಂತಿತು.

ಅಕ್ಕ ಬೆಳಿಗ್ಗೆ ಹನ್ನೊಂದರ ಮೇಲೆ ಗೇಟಿನ ಆಚೆ ಕಾಯಿಪಲ್ಯ ತರಲು ಹೋಗಿದ್ದಳು. ಆ ರಸ್ತೆಯಲ್ಲಿ ಕೆಂಪು ಧೂಳು ಎಷ್ಟೆಂದರೆ ಎದುರಿನ ಲಾರಿ ಕಾಣುತ್ತಿರಲಿಲ್ಲ, ಹಾರನ್ ಕೇಳಿ ಪಕ್ಕಕ್ಕೆ ಸರಿಯಬೇಕು. ಆಕೆಗೆ ಹಾರನ್ ಎಲ್ಲಿಯದು? ತುಂಬಿದ ಲಾರಿಯೊಂದು ಹಿಂದಿನಿಂದ ಬಂದು ಹೊಡೆದು, ನಿಲ್ಲದೆ ಹೋಯಿತು. ಸುದ್ದಿ ಬಂದಾಗ ಆಪರೇಟ್ರು ಕ್ಯಾಬಿನ್ನಿನಲ್ಲೇ ಇದ್ದರು. ಅವರು ಚಪ್ಪಲಿ ಮರೆತು ಓಡಿದ್ದು, ನಾನು ವೇಬ್ರಿಡ್ಜನ್ನು ಇನ್ನೊಬ್ಬನ ಕೈಗೆ ಬಿಟ್ಟು ಚಪ್ಪಲಿ ಹಿಡಿದು ಅವರ ಹಿಂದೆ ಓಡಿದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ರಸ್ತೆಯಂಚಿನ ಚಹಾ ಅಂಗಡಿಯವನು ಲಾರಿ ನಂಬರಿನ ಕೊನೆಯ ಎರಡು ಅಂಕಿ ನೋಡಿದ್ದ. "ಹನ್ನೊಂದೂವರಿ ದಾಟಿತ್ರಿ, ನಿಮ್ಮ ಯಾರ್ಡಿಂದನೇ ಬಂದದ್ದು" ಎಂದ. ಪೊಲೀಸರಿಗೂ ಹಾಗೆಯೇ ಬರೆಸಿದ.

ಮಣ್ಣು ಮಾಡಲು ಆಪರೇಟ್ರು ಅಕ್ಕನನ್ನು ಕಂಪ್ಲಿಗೆ ಕೊಂಡೊಯ್ದರು. ಕಾರ್ಯಗಳೆಲ್ಲ ಮುಗಿಯುವವರೆಗೆ ಅಲ್ಲೇ ಇದ್ದರು.

ಮೂರನೇ ದಿನ ಮ್ಯಾನೇಜರ್ ನನ್ನನ್ನು ಕರೆದ. ಆ ವಾರ ಅದಿರು ಸಾಗಿಸಲು ಬೇಕಾದ ಸರ್ಕಾರಿ ಪರ್ಮಿಟ್ಟುಗಳು ಆರು ದಿನವೂ ತಡವಾಗಿ ಬಂದಿದ್ದವು, ಅವು ಕೈಗೆ ಬರುವ ಮೊದಲೇ ಲಾರಿಗಳು ಹೊರಟುಬಿಟ್ಟಿದ್ದವು. ಕಾಗದದ ಪ್ರಕಾರ ಅದು ಕಳ್ಳಸಾಗಣೆ. ತಪಾಸಣೆಗೆ ಬರುತ್ತಾರಂತೆ ಎಂಬ ಸುದ್ದಿ ಇತ್ತು. "ಆ ಆರು ದಿನದ ಟೈಮನ್ನೆಲ್ಲ ಒಂದು ನಲವತ್ತು ನಿಮಿಷ ಮುಂದಕ್ಕ ಹಾಕ್ಬೇಕಪ್ಪ. ಸಾವಿರಾರು ಲಾರಿ ಅದಾವು, ಒಂದೊಂದೇ ತಿದ್ದಾಕ ಆಗಂಗಿಲ್ಲ. ನಿಮ್ಮ ಆಪರೇಟ್ರು ನಿನಗೇನೋ ಕಲಿಸ್ಯಾರಂತಲ್ಲ?" ಎಂದ.

ಆ ಆರು ದಿನಗಳಲ್ಲಿ ಅಕ್ಕ ಸತ್ತ ದಿನವೂ ಇತ್ತು. ಅದು ನನಗೆ ಹೊಳೆಯಲಿಲ್ಲ ಎಂದು ಬರೆದರೆ ನಂಬುವವರು ನಂಬಬಹುದು. ಹೊಳೆದಿತ್ತು. ಹೊಳೆದರೂ ಬಾಯಿ ಬಿಡಲಿಲ್ಲ. ಮ್ಯಾನೇಜರನಿಗೆ ಬೇಕಾಗಿದ್ದದ್ದು ಪರ್ಮಿಟ್ಟಿನ ತಪ್ಪು ಮುಚ್ಚುವುದೋ, ಆ ಲಾರಿಯನ್ನು ಮುಚ್ಚುವುದೋ, ಎರಡೂನೋ, ಇವತ್ತಿಗೂ ಗೊತ್ತಿಲ್ಲ. ಗೊತ್ತಾಗಬಾರದೆಂದೇ ನಾನು ಕೇಳಲಿಲ್ಲ. ದಾಖಲೆಯನ್ನು ಸಬ್‌ಟೈಟಲಿನ ರೂಪಕ್ಕೆ ತಂದೆ. ನಂಬರು, ಬಂದ ಟೈಮು, ಹೋದ ಟೈಮು, ಮಾತಿನ ಜಾಗದಲ್ಲಿ ಲಾರಿ. ಆಪರೇಟ್ರ ಪ್ರೋಗ್ರಾಮಿನಲ್ಲಿ ತೆರೆದು ನಲವತ್ತು ನಿಮಿಷ ಎಂದು ಬರೆದು ಒಂದು ಕೀಲಿ ಒತ್ತಿದೆ. ಸಾವಿರಾರು ಲಾರಿಗಳು ಒಟ್ಟಿಗೆ ಸರಿದವು. ತಿದ್ದಿದ್ದನ್ನು ಮ್ಯಾನೇಜರನೇ ಹಳೆಯದರ ಮೇಲೆ ಹಾಕಿಸಿದ. ಇಷ್ಟು ನಾಜೂಕಾಗಿ ಮಾಡಿದೆನಲ್ಲ ಎಂದು ಆ ಕ್ಷಣದಲ್ಲಿ ಒಳಗೊಳಗೇ ಹೆಮ್ಮೆಯಾಯಿತು. ಅದನ್ನೂ ಬರೆದುಬಿಡುತ್ತೇನೆ. ಕಲಿತ ಶಿಸ್ತು ಬಿಡಲಿಲ್ಲ. ಚೀಟಿಯಲ್ಲಿ ನಲವತ್ತು ಎಂದು ಬರೆದು ಜೇಬಿನಲ್ಲಿಟ್ಟೆ.

ಆಮೇಲೆ ಪೊಲೀಸಿನವರು ಬಂದು ಪ್ರಿಂಟ್ ಕೇಳಿದರು. ನಾನೇ ತೆಗೆದುಕೊಟ್ಟೆ. ಚಹಾದವನು ಹೇಳಿದ ಅಂಕಿಯ ಲಾರಿ ಒಂದಿತ್ತು. ಅದು ಯಾರ್ಡಿನಿಂದ ಹೊರಟದ್ದು ಹನ್ನೊಂದು ಇಪ್ಪತ್ತೈದಕ್ಕೆ. ಪ್ರಿಂಟಿನಲ್ಲಿ ಹನ್ನೆರಡು ಐದು ಎಂದಿತ್ತು. ಅಪಘಾತವಾದಾಗ ಲಾರಿ ಯಾರ್ಡಿನೊಳಗೇ ನಿಂತಿತ್ತು ಎಂದಾಯಿತು. ಚಹಾದವನಿಗೆ ಧೂಳಿನಲ್ಲಿ ಕಣ್ಣು ಮೋಸ ಮಾಡಿದೆ ಎಂದುಕೊಂಡರು. ಯಾವುದೋ ವಾಹನ ಎಂದು ಬರೆದುಕೊಂಡು ಹೋದರು.

ಹದಿನಾಲ್ಕನೇ ದಿನ ಆಪರೇಟ್ರು ಕೆಲಸಕ್ಕೆ ಬಂದರು. ಸ್ಟೂಲ್ ಹತ್ತಲಿಲ್ಲ, ಗಡಿಯಾರ ಮುಟ್ಟಲಿಲ್ಲ. ನೆಟ್ಟಗೆ ಹೋಗಿ ಆ ದಿನದ ದಾಖಲೆ ತೆಗೆದು ಓದತೊಡಗಿದರು. ನಾನು ಲಾರಿ ತೂಗುತ್ತ, ಕಣ್ಣಂಚಿನಲ್ಲಿ ಅವರನ್ನೇ ನೋಡುತ್ತಿದ್ದೆ. ಅವರ ಬೆರಳು ಒಂದು ಕಡೆ ನಿಂತಿತು. ಲಾರಿಯ ಸಾಲಿನಲ್ಲಲ್ಲ, ಅದಕ್ಕಿಂತ ಕೆಳಗೆ. ಹನ್ನೆರಡು ಐವತ್ತರಿಂದ ಒಂದು ಹತ್ತರವರೆಗೆ ಒಂದೂ ಲಾರಿ ಇರಲಿಲ್ಲ. ಅದು ಗೇಟು ಬಿದ್ದ ಹೊತ್ತು. ನಾವಿಬ್ಬರೂ ರೊಟ್ಟಿ ತಿನ್ನುವ ಹೊತ್ತು. ಎಲ್ಲ ಲಾರಿಗಳ ಜೊತೆಗೆ ಅದನ್ನೂ ಸರಿಸಿಬಿಟ್ಟಿದ್ದೆ. ಪೊಲೀಸರಿಗೆ, ಪರ್ಮಿಟ್ಟಿನವರಿಗೆ ಬೇಕಾದದ್ದು ಲಾರಿ, ಖಾಲಿ ಜಾಗವನ್ನು ಯಾರು ನೋಡುತ್ತಾರೆ? ಅದನ್ನೇ ನೋಡಲು ಕಲಿತಿದ್ದ ಒಬ್ಬ ಮನುಷ್ಯನಿದ್ದ.

ಹಿಂದುಮುಂದಿನ ದಿನಗಳ ದಾಖಲೆಯನ್ನೂ ನೋಡಿ, ಅವರು ಎದ್ದು ಗೇಟಿಗೆ ಹೋದರು. ಗೇಟ್‌ಮನ್ ಬಳಿ ದಿನಾ ಗೇಟು ಹಾಕಿ ತೆಗೆದ ಟೈಮು ಬರೆಯುವ ಪುಸ್ತಕವಿರುತ್ತದೆ. ಒಂದು ಗಂಟೆ ಬಿಟ್ಟು ವಾಪಸ್ ಬಂದರು. ನನ್ನ ಮುಂದೆ ಒಂದು ಕಾಗದ ಇಟ್ಟರು. ಆರು ದಿನ, ಆರು ಸಾಲು: ಗೇಟು ಬಿದ್ದ ಟೈಮು, ಪಕ್ಕದಲ್ಲಿ ನಮ್ಮ ದಾಖಲೆಯ ಖಾಲಿ ಹೊತ್ತು. ಒಂದು ದಿನ ರೈಲೇ ತಡವಾಗಿ ಬಂದಿತ್ತು, ಆ ದಿನವೂ ಎರಡಕ್ಕೂ ನಡುವಿನ ವ್ಯತ್ಯಾಸ ಉಳಿದ ದಿನಗಳಷ್ಟೇ ಇತ್ತು.

"ಎಷ್ಟು ಸರಿಸಿದಿ?" ಎಂದು ಕೇಳಿದರು. ಗೊತ್ತಿದ್ದೂ ಕೇಳಿದರು.

"ನಲವತ್ತು ನಿಮಿಷ."

"ಚೀಟಿ ಐತೇನು?"

ಜೇಬಿನಿಂದ ತೆಗೆದು ಕೊಟ್ಟೆ. ನೋಡಿ ವಾಪಸ್ ಕೊಟ್ಟರು. ಬೈಯಲಿಲ್ಲ. ಬೈದಿದ್ದರೆ ನಾನೂ ತಿರುಗಿ ಏನಾದರೂ ಅಂದು ಹಗುರಾಗುತ್ತಿದ್ದೆನೇನೋ.

"ವಾಪಸ್ ಎಳಿ ತಮ್ಮಾ. ಇಲ್ಲಾ, ಸ್ಟೇಷನ್‌ಗೆ ಬಂದು ನಾನು ಸರಿಸೀನಿ ಅಂತ ಒಂದು ಮಾತು ಹೇಳು. ಗೇಟ್‌ಮನ್ ಪುಸ್ತಕ ಐತಿ, ಆದರ ಕೈಬರಹ ಯಾರು ನಂಬ್ತಾರ ಕಂಪ್ಯೂಟರ್ ಮುಂದ? ಸರಿಸಿದವನು ಹೇಳಿದ್ರ ನಂಬ್ತಾರ. ಆ ಲಾರಿ ಯಾವ್ದು, ಡ್ರೈವರ್ ಯಾರು, ಅಷ್ಟು ಗೊತ್ತಾದ್ರ ಸಾಕು. ನನಗ ಮತ್ತೇನೂ ಬ್ಯಾಡ."

ವಾಪಸ್ ಎಳೆಯುವುದು ಒಂದು ನಿಮಿಷದ ಕೆಲಸ. ಸರಿಸಿದ ಅಂಕಿ ನನ್ನ ಕೈಯಲ್ಲೇ ಇತ್ತು. ಹೇಳುವುದು ಅದಕ್ಕಿಂತ ಸುಲಭ. "ಮ್ಯಾನೇಜರ್ ಕೆಲಸದಿಂದ ತೆಗೀತಾನ್ರಿ" ಎಂದೆ. "ಕೇಸು ನನ್ನ ಮ್ಯಾಲೇ ಬರ್ತೈತ್ರಿ" ಎಂದೆ. "ನಿಮ್ಮಕ್ಕ ವಾಪಸ್ ಬರ್ತಾಳೇನ್ರಿ?" ಎಂದೂ ಕೇಳಿದೆ. ಆ ಮಾತು ಆಡಿದ ನಾಲಿಗೆ ಇನ್ನೂ ನನ್ನ ಬಾಯಲ್ಲೇ ಇದೆ. ಅಷ್ಟು ಹೊತ್ತೂ ಅವರು ನನ್ನ ತುಟಿ ನೋಡುತ್ತಿದ್ದರು. ಗೇಟಿನ ಗಂಟೆ ಕೇಳಿತು. ವೇಬ್ರಿಡ್ಜ್ ಸುಮ್ಮನಾಯಿತು. ಬಿಚ್ಚಲು ಡಬ್ಬಿ ಇರಲಿಲ್ಲ. 

ಅವತ್ತೇ ಕೆಲಸ ಬಿಟ್ಟು ಹೋದರು. ಸ್ಟೇಷನ್ನಿಗೆ ಒಬ್ಬರೇ ಹಲವು ಸಲ ಅಲೆದರೆಂದು ಆಮೇಲೆ ಕೇಳಿದೆ. ಗೇಟ್‌ಮನ್ ಪುಸ್ತಕದ ಮಾತು ಎತ್ತಿದರೆ, ರೈಲು ಯಾವತ್ತು ಟೈಮಿಗೆ ಬಂದಿದೆ ಎಂದು ನಕ್ಕು ಕಳಿಸಿದರಂತೆ. ಅವರ ಕುರ್ಚಿ ನನಗೆ ಸಿಕ್ಕಿತು. ಶಿಫ್ಟ್ ಇನ್‌ಚಾರ್ಜ್ ಆದೆ, ಬೈಕ್ ತಗೊಂಡೆ, ಸ್ಟೂಲ್ ಹತ್ತಿ ಗಡಿಯಾರ ಸರಿಮಾಡಿದೆ. ಎರಡೂವರೆ ವರ್ಷದ ಮೇಲೆ ಗಣಿಗಳು ನಿಂತವು, ಯಾರ್ಡಿಗೆ ಬೀಗ ಬಿತ್ತು, ಮ್ಯಾನೇಜರ್ ಯಾವ ಊರಿಗೆ ಹೋದನೋ ಗೊತ್ತಿಲ್ಲ. ಒಬ್ಬ ಹೆಂಗಸಿನ ಸಾವನ್ನು ಮುಚ್ಚಿ ಉಳಿಸಿಕೊಂಡ ನನ್ನ ನೌಕರಿ ಅಷ್ಟೇ ದಿನ ಬಾಳಿತು. ಕ್ಯಾಬಿನ್ನಿನ ಕಂಪ್ಯೂಟರುಗಳನ್ನು ಗುಜರಿಯವನು ತೂಕಕ್ಕೆ ಒಯ್ದ.

ಅದಾದ ಮೇಲೆ ಅವರನ್ನು ಒಂದೇ ಸಲ ಕಂಡೆ. ಹೊಸಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಕಂಪ್ಲಿ ಬಸ್ಸಿಗೆ ಕಾಯುತ್ತ ನಿಂತಿದ್ದರು. ಇನ್ನಷ್ಟು ಇಳಿದಿದ್ದರು, ವಾಚು ಬಲಗೈಯಲ್ಲೇ ಇತ್ತು. ಈಗ ನನಗೆ ಕಳೆದುಕೊಳ್ಳಲು ಏನೂ ಇರಲಿಲ್ಲವಲ್ಲ, ಧೈರ್ಯ ಬಂದಿತ್ತು. ಹತ್ತಿರ ಹೋಗಿ ಕಾಲು ಮುಟ್ಟಿದೆ. "ಆಪರೇಟ್ರೇ, ನಾನು ಹೇಳ್ತೀನ್ರಿ. ಯಾರ ಮುಂದ ಬೇಕಾದ್ರೂ ಬಂದು ಹೇಳ್ತೀನಿ. ಟೈಮು ಸರಿಸಿದ್ದು ನಾನೇ. ನಡೀರಿ, ಈಗಲೇ ಹೋಗೋಣು" ಎಂದೆ.

ಅವರು ನನ್ನ ಬಾಯನ್ನೇ ನೋಡಿದರು. ಟಾಕೀಸಿನ ಕಿಂಡಿಯಿಂದ ಪರದೆ ನೋಡುವವರಂತೆ, ಕೋಪವಿಲ್ಲದೆ. ಆಮೇಲೆ ಬಲಗೈ ತಿರುಗಿಸಿ ವಾಚು ನೋಡಿಕೊಂಡರು.

"ಮೂರು ವರ್ಷ ನಾಲ್ಕು ತಿಂಗಳು ತಡ" ಎಂದರು. "ತುಟಿ ಮುಚ್ಚಿದ ಜಾಗದಾಗ ಬಂದು ನಿಂತಿ ತಮ್ಮಾ."

ಬಸ್ಸು ಬಂತು. ಹತ್ತಿ ಕಿಟಕಿಯ ಪಕ್ಕ ಕೂತರು. ನನ್ನ ಕಡೆ ತಿರುಗಲಿಲ್ಲ.

ಅರ್ಧಕ್ಕೆ ನಿಂತ ಆರನೇ ಸಿನಿಮಾದ ಫೈಲು ನನ್ನ ಬಳಿ ಇದೆ. ಕಂಪ್ಯೂಟರ್ ಗುಜರಿಗೆ ಹೋಗುವ ಮೊದಲು ಅದೊಂದನ್ನು ತೆಗೆದಿಟ್ಟುಕೊಂಡಿದ್ದೆ. ಎರಡನೇ ಡಿಸ್ಕಿನ ಮೊದಲ ಹಾಡಿಗೆ ಸಾಲು ಸಾಲಾಗಿ ಟೈಮು ಬರೆದು ಮುಗಿಸಿದ್ದಾರೆ, ನಾನು ಇನ್ನೂ ಹಾಡು ಟೈಪ್ ಮಾಡಿರಲಿಲ್ಲ. ಗಿರಾಕಿ ಸಾವಿನ ಸುದ್ದಿ ಹೇಳಿ ಹೋದ ಮಧ್ಯಾಹ್ನ ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು ಅದನ್ನು ತೆರೆದೆ. ಹಾಡು ಹಾಕಿ, ಕೇಳಿ ಕೇಳಿ, ಎಲ್ಲ ಸಾಲುಗಳನ್ನೂ ತುಂಬಿದೆ. ಓಡಿಸಿ ನೋಡಿದರೆ ಒಂದು ಅಕ್ಷರವೂ ಆಚೀಚೆ ಇಲ್ಲ. ಗಟ್ಟಿಯಾಗಿ ಓದುವವಳು ಇಲ್ಲ, ಅವಳ ತುಟಿ ನೋಡುವವರೂ ಇಲ್ಲ.

ಆಮೇಲೆ ಇದನ್ನು ಬರೆಯಲು ಕೂತೆ. ಯಾರ ಮುಂದೆಯೂ ಹೇಳದ್ದನ್ನು ಕೊನೆಗೂ ಪೂರ್ತಿ ಹೇಳಿದ್ದೇನೆ. ಎಷ್ಟು ತಡ ಎಂದು ಅಳೆದು ಹೇಳಲು ಅವರಿಲ್ಲ. ಅವರಿದ್ದಿದ್ದರೆ ಇಷ್ಟೂ ಪುಟ ಓದಿ, ಇವೆಲ್ಲ ಕಳ್ಳ ಅಕ್ಷರ ಎನ್ನುತ್ತಿದ್ದರು.